ಉಂಟಾ ಶಂಭು?

೧೬ ಜನವರಿ ೧೯೬೨, ಮಂಗಳವಾರ

ಹಂಚಿನ ಕಾರ್ಖಾನೆಯ ರೈಟರು ತಮ್ಮ ಮಗಳ ಮದುವೆಗೆ ಬ್ಯಾಂಡು ಬಾರಿಸಿದ ನೆನಪಿಗೆ ಈ ಡೈರಿ ಕೊಟ್ಟಿದ್ದಾರೆ. "ಊರೂರು ತಿರುಗುವವ ನೀನು, ಏನಾದರೂ ಬರೆದಿಡು" ಎಂದರು. ನಾನು ಕಲಿತದ್ದು ಐದನೇ ಕ್ಲಾಸು. ಮಾತಾಡುವುದು ತುಳು, ಬರೆಯುವುದು ಕನ್ನಡ. ಎರಡರ ನಡುವೆ ಬೆತ್ತದ ಪೆಟ್ಟು ತಿಂದವ ನಾನು. "ನಮ್ಮ ಮನೆಯಲ್ಲಿ ಒಂದು ದನ ಉಂಟು" ಎಂದು ಬರೆಯುವಲ್ಲಿ "ಉಂತು" ಎಂದು ಬರೆದಿದ್ದೆ. ತುಳುವಿನಲ್ಲಿ ಉಂತು ಎಂದರೆ ನಿಲ್ಲು. "ದನ ನಿಂತಿರಲಿ, ನೀನೂ ನಿಲ್ಲು" ಎಂದು ಶಾಲೆಯ ಮಾಸ್ಟ್ರು ಸಂಜೆಯವರೆಗೆ ಬೆಂಚಿನ ಮೇಲೆ ನಿಲ್ಲಿಸಿದ್ದರು.

ಧನು ತಿಂಗಳು ಕಳೆದು ಮದುವೆಗಳು ಸುರುವಾಗಿವೆ. ಇನ್ನು ಮೇ ಕೊನೆಗೆ ಪತ್ತನಾಜೆ ಬಂದು ಊರಿನ ಯಕ್ಷಗಾನದ ಆಟ, ಭೂತದ ನೇಮ, ಗದ್ದಲವೆಲ್ಲ ನಿಲ್ಲುವವರೆಗೆ ನಮಗೆ ತಿರುಗಾಟ. ಬೆಳ್ತಂಗಡಿ, ಮೂಡಬಿದ್ರೆ, ಒಂದೊಂದು ಸಲ ಧರ್ಮಸ್ಥಳ. ಬಸ್ಸಿನ ಮೇಲೆ ದೊಡ್ಡ ಡ್ರಮ್ಮು, ಬಸ್ಸಿನೊಳಗೆ ನಾನು. ಇಪ್ಪತ್ತೆರಡು ವರ್ಷವಾಯಿತು. ಪಟ್ಟಿ ತಾಗಿ ತಾಗಿ ಕತ್ತಿನ ಹತ್ತಿರದ ಚರ್ಮ ಡ್ರಮ್ಮಿನ ಚರ್ಮಕ್ಕಿಂತ ಗಟ್ಟಿಯಾಗಿದೆ.

ನಮ್ಮ ಬ್ಯಾಂಡಿನ ಯಜಮಾನ ಶೀನಪ್ಪಣ್ಣ. ಕ್ಲಾರಿನೆಟ್ ಅವರದು. ದಿಬ್ಬಣ ಹೊರಡುವ ಮೊದಲು ಅವರು ತಿರುಗಿ ನೋಡಿ "ಉಂಟಾ ಶಂಭು?" ಎಂದು ಕೇಳುವುದು, ನಾನು ಒಂದು ಪೆಟ್ಟು ಹಾಕುವುದು. ಅದೇ ನನ್ನ "ಉಂಟು". ಆಮೇಲೆಯೇ ಉಳಿದವರ ಉಸಿರು. ಪೇಟೆ ಬಂದರೆ ಎಲ್ಲರೂ ವಾದ್ಯ ಇಳಿಸುತ್ತಾರೆ, ಶೀನಪ್ಪಣ್ಣ "ಉಂಟು!" ಎಂದು ಕೂಗಿ ಕೈ ಎತ್ತುತ್ತಾರೆ. ಆಗ ಪೇಟೆ ದಾಟುವವರೆಗೆ ನಾನೊಬ್ಬನೇ. ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬರುತ್ತಾರೆ. ಜಂಬ ಎಂದರೆ ಜಂಬ, ಅದಕ್ಕಾಗಿಯೇ ನಾನು ಬದುಕಿರುವುದು.

೨೮ ಜನವರಿ, ಆದಿತ್ಯವಾರ

ಮೂಡಬಿದ್ರೆಯಲ್ಲಿ ಮದುವೆ. ಶೀನಪ್ಪಣ್ಣನಿಗೆ ವಯಸ್ಸಾಯಿತು. ಕ್ಲಾರಿನೆಟ್‌ನಲ್ಲಿ ಗಾಳಿಯೇ ಇಲ್ಲ, ಮೇಲಿನ ಸ್ವರಗಳೆಲ್ಲ ಎಲ್ಲಿ ಹೋದವೋ. ಊಟಕ್ಕೆ ಕುಳಿತಾಗ ಹೇಳಿಯೇ ಬಿಟ್ಟೆ. ಅವರು ನನ್ನನ್ನೇ ನೋಡಿದರು, "ಊದುವ ರೀಡು ಹಳತಾಯಿತೋ ಏನೋ" ಎಂದರು. ಕುಣಿಯಲಾರದವಳಿಗೆ ನೆಲ ಡೊಂಕು.

ಇನ್ನೊಂದು ಉಪದ್ರ ಈ ಭೋಜ. ಚಿಕ್ಕ ಡ್ರಮ್ಮಿಗೆ ಕಳೆದ ವರ್ಷ ಸೇರಿದವ, ತೋಡಾರಿನವ, ಇಪ್ಪತ್ತಾರು ವರ್ಷ. ನನ್ನ ಪಕ್ಕದಲ್ಲಿ ನಡೆಯಬೇಕಾದವ ಈಗ ನನ್ನ ಎದುರಿಗೇ ಬಂದು, ಅರ್ಧ ಹಿಂದಕ್ಕೆ ತಿರುಗಿ, ಕೋಲನ್ನು ಮೂಗಿನವರೆಗೆ ಎತ್ತಿ ಎತ್ತಿ ಬಾರಿಸುತ್ತಾನೆ. ತಾಳಕ್ಕೆ ಸರಿಯಾಗಿ ತಲೆ ಬೇರೆ ಹಾಕುತ್ತಾನೆ. ನನಗೆ ಕಲಿಸುವ ಹಾಗೆ! ನೋಡುವವರು ಏನು ಎಣಿಸಬೇಡ? ದೊಡ್ಡ ಡ್ರಮ್ಮಿನ ಮೇಲೆ ಅವನಿಗೆ ಕಣ್ಣುಂಟು, ಅದು ನನಗೆ ಗೊತ್ತಾಗದ್ದಲ್ಲ.

೪ ಫೆಬ್ರವರಿ, ಆದಿತ್ಯವಾರ

ಅಷ್ಟಗ್ರಹ ಕೂಟವಂತೆ. ಎಂಟು ಗ್ರಹ ಒಂದೇ ಮನೆಯಲ್ಲಿ ಸೇರಿ ಪ್ರಪಂಚ ಮುಗಿಯುತ್ತದಂತೆ. ಎಲ್ಲ ಕಡೆ ಹೋಮ, ಭಜನೆ. ಮದುವೆ ಒಂದೂ ಇಲ್ಲ. ಪ್ರಪಂಚ ಮುಗಿಯುವುದಿದ್ದರೆ ಮದುವೆ ಮಾಡಿಕೊಂಡೇ ಮುಗಿಯಬಹುದಿತ್ತು, ನಮಗೊಂದು ಊಟವಾದರೂ ಸಿಗುತ್ತಿತ್ತು.

ಇಡೀ ದಿನ ಮನೆಯಲ್ಲೇ. ಸರಸ ಎದುರಿಗೆ ಕುಳಿತು ಬೀಡಿ ಕಟ್ಟುತ್ತಿದ್ದಳು. ಮದುವೆಯಾಗಿ ಹದಿನೆಂಟು ವರ್ಷ, ಎಲೆ ಕತ್ತರಿಸುವ ಅವಳ ಕತ್ತರಿಯ ಕಚಕಚ ಕೇಳದೆ ನಾನು ಮಧ್ಯಾಹ್ನ ಮಲಗಿದ್ದೇ ಇಲ್ಲ. ಇವತ್ತು ಕತ್ತರಿ ಆಡುತ್ತಿತ್ತು, ಸದ್ದಿಲ್ಲ.

"ಕತ್ತರಿಗೆ ಎಣ್ಣೆ ಹಾಕಿದ್ದೀಯಾ?" ಎಂದು ಕೇಳಿದೆ.

ಅವಳು ಕೈ ನಿಲ್ಲಿಸಿ ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು. "ಹೌದು" ಎಂದಳು. ಆಮೇಲೆ ಒಳಗೆ ಹೋದವಳು ಬೇಗ ಹೊರಗೆ ಬರಲಿಲ್ಲ. ಅವಳಿಗೂ ಗ್ರಹಕೂಟದ ಹೆದರಿಕೆ ಇರಬೇಕು.

೧೩ ಫೆಬ್ರವರಿ, ಮಂಗಳವಾರ

ಡ್ರಮ್ಮಿನ ಪೆಟ್ಟು ಮಂದವಾಗಿದೆ. ಮೊದಲು ಕೋಲು ತಾಗಿದ ಕೂಡಲೇ ಒಂದು ಚುರುಕಿರುತ್ತಿತ್ತು, ಈಗ ಬರೀ ಧುಂ. ಚರ್ಮ ಸಡಿಲಾಗಿದೆ ಎಂದು ಫರಂಗಿಪೇಟೆಗೆ ಹೊತ್ತುಕೊಂಡು ಹೋದೆ. ಅಲ್ಲಿ ಮೊಯಿದಿನಬ್ಬರ ಚರ್ಮದ ಅಂಗಡಿ, ಹಿಂದೆಯೇ ಮನೆ. ನಾವೆಲ್ಲ ಅವರನ್ನು ಬ್ಯಾರಿಗಳೆಂದೇ ಕರೆಯುವುದು. ನನ್ನ ಮೊದಲ ಡ್ರಮ್ಮಿಗೆ ಚರ್ಮ ಹಾಕಿದವರೂ ಅವರೇ. ನಮ್ಮ ದಿಬ್ಬಣ ಆ ದಾರಿಯಲ್ಲಿ ಹೋದರೆ ಕೈಯ ಕೆಲಸ ಬಿಟ್ಟು ಹೊರಗೆ ಬಂದು ನಿಲ್ಲುವ ಮನುಷ್ಯ.

ಉಪವಾಸದ ತಿಂಗಳು, ಅವರ ಬಾಯಿ ಒಣಗಿತ್ತು. ಆದರೂ ಎದುರಿನ ಹೋಟೆಲಿನಿಂದ ನನಗೆ ಚಾ ತರಿಸಿದರು. ಡ್ರಮ್ಮನ್ನು ತೊಡೆಯ ಮೇಲಿಟ್ಟು ಬೆರಳಿನಿಂದ ಸುತ್ತಲೂ ತಟ್ಟಿದರು.

"ಚರ್ಮಕ್ಕೆ ಏನೂ ಆಗಲಿಲ್ಲ ಮಾರಾಯ. ಇನ್ನು ಎಳೆದರೆ ಒಡೀತದೆ."

"ಸ್ವರವೇ ಇಲ್ಲ ಬ್ಯಾರಿಗಳೇ."

ಅವರು ಎದ್ದು ನನ್ನ ಹಿಂದೆ ಹೋದರು. ಏನು ಹುಡುಕುತ್ತಾರೋ ಎಂದು ನಾನು ಚಾ ಕುಡಿಯುತ್ತಾ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಎದುರಿಗೆ ಬಂದು ಕುಕ್ಕರಗಾಲಿನಲ್ಲಿ ಕುಳಿತರು.

"ಶಂಭು, ಮೂರು ಸಲ ನಿನ್ನ ಹೆಸರು ಕರೆದೆ. ಮಂಗಳೂರಿಗೆ ಹೋಗಿ ಕಿವಿ ತೋರಿಸು."

ಸಿಟ್ಟು ಬಂತು. ರಸ್ತೆಯಲ್ಲಿ ಲಾರಿ ಹೋಗುತ್ತಿರುವಾಗ ಯಾರಿಗೆ ಕೇಳುತ್ತದೆ? ಅಷ್ಟಕ್ಕೂ ಡ್ರಮ್ಮಿನವನ ಕಿವಿ ಹೋಗಿದೆ ಎಂಬ ಸುದ್ದಿ ನಮ್ಮೂರು ಬಂಟ್ವಾಳ ಮುಟ್ಟಿದರೆ ಮರುದಿನವೇ ಪಟ್ಟಿ ಭೋಜನ ಕೊರಳಿಗೆ. ಡ್ರಮ್ಮು ಬಿಟ್ಟರೆ ನಾನು ಯಾರು? ಸರಸಳ ಬೀಡಿ ಎಲೆ ಹೊರುವವ. "ನಿಮ್ಮ ಉಪವಾಸ ತಲೆಗೆ ಹತ್ತಿದೆ" ಎಂದು ಹೇಳಿ ಬಸ್ಸು ಹತ್ತಿದೆ. ಹಾಗೆ ಹೇಳಬಾರದಿತ್ತು.

೪ ಮಾರ್ಚ್, ಆದಿತ್ಯವಾರ

ಮರ್ಯಾದೆ ಹೋಯಿತು. ಬೆಳ್ತಂಗಡಿಯಲ್ಲಿ ದಿಬ್ಬಣ ಹೊರಡುವ ಮೊದಲು ಹಗ್ಗವನ್ನು ಇನ್ನೂ ಎರಡು ಸುತ್ತು ಎಳೆದಿದ್ದೆ. ಪೇಟೆಯ ನಡುವೆ, ನನ್ನದೇ ಸರದಿಯಲ್ಲಿ, ಚರ್ಮ ನಡುವಿನಿಂದ ಸೀಳಿತು. ಜನ ನಕ್ಕರು. ಭೋಜ ತಕ್ಷಣ ಚಿಕ್ಕ ಡ್ರಮ್ಮಿನಲ್ಲೇ ನನ್ನ ತಾಳ ಹಿಡಿದು ದಿಬ್ಬಣವನ್ನು ಮನೆ ಮುಟ್ಟಿಸಿದ. ಕಾದು ಕುಳಿತವನ ಹಾಗೆ! ನಾನು ಒಡೆದ ಡ್ರಮ್ಮನ್ನು ಹೊತ್ತುಕೊಂಡು ಹಿಂದಿನಿಂದ ನಡೆದೆ.

೧೩ ಮಾರ್ಚ್, ಮಂಗಳವಾರ

ಉಪವಾಸ ಮುಗಿದು ಪೆರ್ನಾಲ್ ಹಬ್ಬ ಕಳೆದ ಮೇಲೆ ಮೊಯಿದಿನಬ್ಬರು ತಾವೇ ಚರ್ಮ ಹಿಡಿದುಕೊಂಡು ಬಂಟ್ವಾಳಕ್ಕೆ ಬಂದರು. ನಾನು ಆಡಿದ ಮಾತನ್ನು ಎತ್ತಲಿಲ್ಲ. ಅಂಗಳದಲ್ಲಿ ಕುಳಿತು ಮಧ್ಯಾಹ್ನದವರೆಗೆ ಹೊಸ ಆಡಿನ ಚರ್ಮ ಬಿಗಿದರು. ನಡುನಡುವೆ ದಮ್ಮು ಕಟ್ಟಿ ಕೈ ನಿಲ್ಲಿಸುತ್ತಿದ್ದರು. ಸರಸ ಬಿಸಿನೀರು ಕೊಟ್ಟಳು. ಭೋಜನೂ ಬಂದಿದ್ದ. ಅವನೂ ಬ್ಯಾರಿಗಳೂ ಗೇಟಿನ ಹತ್ತಿರ ನಿಂತು ನನ್ನ ಕಡೆ ನೋಡಿಕೊಂಡು ಏನೋ ಮಾತಾಡಿದರು.

ಹೋಗುವಾಗ ಮೊಯಿದಿನಬ್ಬರು ನನ್ನ ಎರಡೂ ಭುಜ ಹಿಡಿದು, ಮುಖಕ್ಕೆ ಮುಖ ಕೊಟ್ಟು ಹೇಳಿದರು. "ಇದು ಕೂತುಕೊಳ್ಳಲಿಕ್ಕೆ ಎರಡು ತಿಂಗಳು ಬೇಕು. ನಮ್ಮ ಬಾಗಿಲಲ್ಲಿ ಹೋಗುವಾಗ ಜೋರು ಬಾರಿಸು. ಸರಿ ಕೂತಿದೆಯಾ ಅಂತ ಹೊರಗೆ ಬಂದು ಕೇಳ್ತೇನೆ."

"ಬಾರಿಸ್ತೇನೆ" ಎಂದು ಮಾತು ಕೊಟ್ಟೆ.

೯ ಏಪ್ರಿಲ್, ಸೋಮವಾರ

ಬೆಳ್ತಂಗಡಿ. ಸೆಕೆ. ನಡೆದು ನಡೆದು ಬಚ್ಚಿತು, ಬೇಗ ಮಲಗುತ್ತೇನೆ.

೧೨ ಏಪ್ರಿಲ್, ಗುರುವಾರ

ಮೂಡಬಿದ್ರೆ. ಎಲ್ಲರೂ ಪಿಸುಪಿಸು ಮಾತಾಡುತ್ತಾರೆ. ಕೇಳಿದರೆ "ಏನಿಲ್ಲ" ಎನ್ನುತ್ತಾರೆ. ನಗುತ್ತಾರೆ, ಯಾತಕ್ಕೆಂದು ಹೇಳುವುದಿಲ್ಲ. ನಾನೂ ನಗುತ್ತೇನೆ. ಸುಮ್ಮನೆ ನಕ್ಕು ನಕ್ಕು ಕೆನ್ನೆ ನೋಯುತ್ತದೆ.

ಸರಸ ಈಗ ನನ್ನನ್ನು ಕರೆಯುವುದಿಲ್ಲ. ಏನಿದ್ದರೂ ಬಂದು ತೋಳು ಮುಟ್ಟುತ್ತಾಳೆ. ಈ ವಯಸ್ಸಿನಲ್ಲಿ ಹೊಸ ಸಲಿಗೆ!

೨೯ ಏಪ್ರಿಲ್, ಆದಿತ್ಯವಾರ

ಇವತ್ತು ಭೋಜನಿಗೆ ಬಾಯಿಗೆ ಬಂದ ಹಾಗೆ ಬೈದೆ. ಎದುರು ನಿಂತು ಕುಣಿಯುತ್ತಿದ್ದವನನ್ನು ದಿಬ್ಬಣದ ನಡುವೆಯೇ ಕೋಲಿನಿಂದ ತಳ್ಳಿದೆ. "ನನ್ನ ಕಣ್ಣೆದುರು ಇನ್ನು ಕಾಣಬೇಡ. ಡ್ರಮ್ಮು ಬೇಕಾದರೆ ನಾನು ಸತ್ತ ಮೇಲೆ ತಗೊ" ಎಂದೆ. ಅವನು ಬಾಯಿ ತೆರೆದ, ಶೀನಪ್ಪಣ್ಣ ತಡೆದರು. ಮುಂದಿನ ಮದುವೆಯಿಂದ ಅವನು ಎಲ್ಲರಿಗಿಂತ ಹಿಂದೆ ನಡೆಯುವುದೆಂದು ತೀರ್ಮಾನವಾಯಿತು. ಗೆದ್ದೆ. ಆದರೆ ಯಾಕೋ ಊಟ ಸೇರಲಿಲ್ಲ.

ಬಸ್ಸಿನಲ್ಲಿ ಬರುವಾಗ ಅವನೇ ಬಂದು ಮೊಯಿದಿನಬ್ಬರ ಬಗ್ಗೆ ಏನೋ ಹೇಳಿದ. ಬಸ್ಸಿನ ಗಲಾಟೆ. "ಹೂಂ, ಹೂಂ" ಎಂದೆ.

೮ ಮೇ, ಮಂಗಳವಾರ

ಎರಡು ದಿನ ಬರೆಯಲಿಕ್ಕೆ ಕೈ ಬರಲಿಲ್ಲ. ಈಗಲೂ ಬರುವುದಿಲ್ಲ. ಬರೆಯದಿದ್ದರೆ ತಲೆಯೊಳಗೆ ಅದೇ ತಿರುಗುತ್ತದೆ.

ಆದಿತ್ಯವಾರ ಫರಂಗಿಪೇಟೆಯ ಆಚೆಗೆ ಮದುವೆ. ಬೆಳಿಗ್ಗೆ ಬಸ್ಸಿನಲ್ಲಿ ಎಲ್ಲರೂ ಏನೋ ಮಾತಾಡುತ್ತಿದ್ದರು. ಎಲ್ಲರ ಮುಖವೂ ಸಪ್ಪಗಿತ್ತು. ಭೋಜನನ್ನು ಹಿಂದೆ ಹಾಕಿದ್ದಕ್ಕೆ ನನ್ನ ಮೇಲೆ ಮುನಿಸು ಎಂದು ತಿಳಿದು ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ಶೀನಪ್ಪಣ್ಣ ಎದ್ದು ನಿಂತು ಎಲ್ಲರಿಗೂ ಏನೋ ಹೇಳಿದರು. ಎಲ್ಲರೂ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ.

ಪೇಟೆಯ ತುದಿಯಲ್ಲಿ ಇಳಿದು ದಿಬ್ಬಣ ಹೊರಟಿತು. ನನ್ನ ಮನಸ್ಸೆಲ್ಲ ಮುಂದೆ ಬರುವ ಆ ಬಾಗಿಲ ಮೇಲೆ. ಹೊಸ ಚರ್ಮ ಕೂತಿತ್ತು, ಹೊಟ್ಟೆಯೊಳಗೆ ಅದರ ಧುಂ ತಾಗುತ್ತಿತ್ತು. ಮೊಯಿದಿನಬ್ಬರ ಮನೆ ಕಂಡಿತು. ಎದುರು ತುಂಬ ಜನ, ಬಿಳಿ ಟೊಪ್ಪಿಗಳು. ಎಲ್ಲರ ಮುಖ ನಮ್ಮ ಕಡೆಗೆ. ಅಷ್ಟರಲ್ಲಿ ನಮ್ಮವರೆಲ್ಲ ವಾದ್ಯ ಇಳಿಸಿದರು. ಶೀನಪ್ಪಣ್ಣ ತಿರುಗಿ ಕೈ ಎತ್ತಿ ಕೂಗಿದರು.

"ಉಂಟು!"

ನನಗೆ ಕೇಳಿದ್ದು ಅದೇ. ನನ್ನ ಸರದಿ. ಮಾತು ಕೊಟ್ಟಿದ್ದೆನಲ್ಲ, ಇಪ್ಪತ್ತೆರಡು ವರ್ಷದಲ್ಲಿ ಬಾರಿಸದ ಹಾಗೆ ಬಾರಿಸಿದೆ. ಕಣ್ಣು ಮುಚ್ಚಿ ಬಾರಿಸಿದೆ. ಆ ಬಾಗಿಲ ಎದುರು ನಿಂತೇ ಬಾರಿಸಿದೆ. ಶೀನಪ್ಪಣ್ಣ ಮತ್ತೆ ಕೂಗಿದರು, ಇನ್ನೂ ಜೋರು ಬಾರಿಸಿದೆ.

ಯಾರೋ ಡ್ರಮ್ಮಿನ ಚರ್ಮದ ಮೇಲೆ ಅಂಗೈ ಇಟ್ಟರು. ಕಣ್ಣು ತೆರೆದರೆ ಅಬ್ಬಾಸ್, ಮೊಯಿದಿನಬ್ಬರ ಮಗ. ಕಣ್ಣು ಕೆಂಪಗಿದ್ದವು. ತುಟಿ ನೋಡಿದೆ. "ಅಪ್ಪ ಹೋದರು ಶಂಭಣ್ಣ." ಅವನ ಹೆಗಲಿನ ಆಚೆ ತೆರೆದ ಬಾಗಿಲು, ಒಳಗೆ ಬಿಳಿ ಬಟ್ಟೆ ಹೊದೆಸಿ ಮಲಗಿಸಿದ್ದರು.

ಸಾವಿನ ಮನೆ ಯಾರದೇ ಆಗಲಿ, ಅದರ ಎದುರು ನಾವು ವಾದ್ಯ ನಿಲ್ಲಿಸಿ ತಲೆ ತಗ್ಗಿಸಿ ದಾಟುವುದು. ಅಜ್ಜನ ಕಾಲದಿಂದ ಬಂದ ಕ್ರಮ. ಶೀನಪ್ಪಣ್ಣ ಕೂಗಿದ್ದು "ಉಂತು". ನಿಲ್ಲು ಎಂದು. ಬಸ್ಸಿನಲ್ಲಿ ಹೇಳಿದ್ದೂ ಅದನ್ನೇ.

ಇಬ್ಬರು ಮೂವರು ಸಿಟ್ಟಿನಿಂದ ನನ್ನ ಕಡೆಗೆ ಬಂದರು. ಸಿಟ್ಟು ಬರಬೇಕಾದ್ದೇ. ಆಗ ಹಿಂದಿನಿಂದ ಭೋಜ ಓಡಿ ಬಂದು ನನಗೂ ಅವರಿಗೂ ನಡುವೆ ನಿಂತು ಕೈ ಮುಗಿದ. ಏನು ಹೇಳಿದನೋ ಕೇಳಲಿಲ್ಲ. ಆದರೆ ಅವನು ತನ್ನ ಕಿವಿ ಮುಟ್ಟಿ, ನನ್ನನ್ನು ತೋರಿಸಿ, ಇಲ್ಲ ಎಂದು ಕೈ ಆಡಿಸಿದ. ಅವರ ಸಿಟ್ಟು ಇಳಿಯಿತು. ಅವರೆಲ್ಲ ನನ್ನನ್ನು ಬೇರೆ ರೀತಿ ನೋಡಿದರು. ಸಿಟ್ಟಿನಲ್ಲಿ ಎರಡೇಟು ಹಾಕಿದ್ದರೆ ಅದಕ್ಕಿಂತ ಒಳ್ಳೆಯದಿತ್ತು.

ನನಗೆ ಕಿವಿ ಕೇಳುವುದಿಲ್ಲ. ಬರೆದೆ.

೧೧ ಮೇ, ಶುಕ್ರವಾರ

ಫರಂಗಿಪೇಟೆಗೆ ಹೋಗಿ ಬಂದೆ. ಒಬ್ಬನೇ ಹೋಗಲಿಕ್ಕೆ ಧೈರ್ಯವಿರಲಿಲ್ಲ, ಭೋಜನನ್ನು ಕರೆದೆ. ಕರೆದರೆ ಬರುತ್ತಾನೋ ಎಂದಿದ್ದೆ, ಅಂಗಿ ಹಾಕಿಕೊಂಡು ಹೊರಟೇ ಬಿಟ್ಟ.

ಅಬ್ಬಾಸ್ ಜಗಲಿಯಲ್ಲಿ ಕೂರಿಸಿದ. ಮೊಯಿದಿನಬ್ಬರ ಹೆಂಡತಿ ಬೀಯಮ್ಮ ಗಂಡಸರ ಎದುರಿಗೆ ಬರುವಂತಿಲ್ಲ, ಪರದೆಯ ಹಿಂದೆ ಕುಳಿತಿದ್ದರು. ನಾನು ಪರದೆಗೆ ಕೈ ಮುಗಿದು ತಪ್ಪಾಯಿತು ಎಂದೆ. ಅವರು ಏನೋ ಹೇಳಿದ್ದಿರಬೇಕು. ನನಗೆ ಕಾಣುವುದು ಬರೀ ಬಟ್ಟೆ. ಭೋಜ ಎದ್ದು ಬಂದು ನನ್ನ ಎದುರಿಗೆ, ದಿಬ್ಬಣದಲ್ಲಿ ನಿಲ್ಲುತ್ತಿದ್ದ ಹಾಗೆಯೇ, ಮುಖಕ್ಕೆ ಮುಖ ಕೊಟ್ಟು ಕುಳಿತ. ಪ್ರತಿಯೊಂದು ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದ.

"ಬೀಯಮ್ಮ ಹೇಳ್ತಾರೆ, ಬಾರಿಸಿದ್ದು ಒಳ್ಳೆದಾಯ್ತು ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರೂದಿಲ್ಲ. ಮಯ್ಯತ್ ಎದುರೇ ಮಲಗಿಸಿ ಉಂಟು. ಮಕ್ಕಳು ಹೆದರಿ ಹೋದ್ರು."

ನಾನು ತಲೆ ತಗ್ಗಿಸಿದೆ. ಅವನು ನನ್ನ ಗಲ್ಲ ಮುಟ್ಟಿ ಮೇಲೆತ್ತಿದ.

"ಇನ್ನೂ ಹೇಳ್ತಾರೆ. ನೀವು ಯಾಕೆ ಬಾರಿಸಿದ್ರಿ ಅಂತ ಗೊತ್ತುಂಟು. ಅವರು ಎದ್ದು ಕೂರ್ಲಿಕ್ಕೆ ಆಗದಿದ್ರೂ ಆದಿತ್ಯವಾರ ದಿಬ್ಬಣ ಉಂಟಲ್ಲ, ನನ್ನನ್ನು ಹೊರಗೆ ಕೂರಿಸಿ ಅಂತ ಹೇಳ್ತಿದ್ರು."

ಅಲ್ಲಿ ನಾನು ಅತ್ತೆ. ಗಂಡಸು ಮತ್ತೊಬ್ಬರ ಜಗಲಿಯಲ್ಲಿ ಹಾಗೆ ಅಳಬಾರದು.

ಬಸ್ಸಿಗೆ ಕಾಯುವಾಗ ಭೋಜನನ್ನು ಕೇಳಿದೆ, "ನಿನಗೆ ಯಾವಾಗ ಗೊತ್ತಾಯಿತು?"

"ಕಳೆದ ವರ್ಷವೇ. ಶೀನಪ್ಪಣ್ಣ ರಾಗ ಬದಲಿಸಿದ್ದು ನಿಮಗೆ ಕೇಳಿರ್ಲಿಲ್ಲ. ಅದಕ್ಕೆ ಎದುರು ಬಂದು ನಿಂತೆ. ಬ್ಯಾರಿಗಳಿಗೂ ಗೊತ್ತಿತ್ತು. ಅವನ ಕಣ್ಣೆದುರಿನಿಂದ ಹೋಗ್ಬೇಡ ಅಂತ ಗೇಟಿನ ಹತ್ರ ಹೇಳಿದ್ರು."

"ಶೀನಪ್ಪಣ್ಣನಿಗೆ?"

"ಎಲ್ಲರಿಗೂ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಡ್ರಮ್ಮು ಇಳಿಸ್ತಿದ್ರಿ ಶಂಭಣ್ಣ. ಆಮೇಲೆ ನೀವು ಎಂತ ಮಾಡೂದು?"

ಇವನನ್ನು ನಾನು ಕೋಲಿನಿಂದ ತಳ್ಳಿದ್ದೆ.

೧೬ ಮೇ, ಬುಧವಾರ

ಸರಸಳ ಜೊತೆ ಮಂಗಳೂರು. ಡಾಕ್ಟ್ರು ಕಿವಿಗೆ ದೀಪ ಹಿಡಿದು ನೋಡಿದರು. ಹೋದದ್ದು ಬರುವುದಿಲ್ಲ, ಬಾರಿಸಿದರೆ ಉಳಿದದ್ದೂ ಹೋಗುತ್ತದೆ ಎಂದರು. ಸರಸ ಬಸ್ಸಿನಲ್ಲಿ ಪೂರ್ತಿ ದಾರಿ ನನ್ನ ಕೈ ಹಿಡಿದುಕೊಂಡಿದ್ದಳು. ಕತ್ತರಿಗೆ ಎಣ್ಣೆ ಹಾಕಿರಲಿಲ್ಲವಂತೆ.

೨೦ ಮೇ, ಆದಿತ್ಯವಾರ

ಈ ವರ್ಷದ ಕೊನೆಯ ಮದುವೆ, ಮೂಡಬಿದ್ರೆ. ಶೀನಪ್ಪಣ್ಣ ನನ್ನನ್ನು ಬದಿಗೆ ಕರೆದು, "ನೀನು ಬಾರಿಸುವುದಾದರೆ ಬಾರಿಸು, ಭೋಜ ಎದುರು ನಿಲ್ತಾನೆ" ಎಂದರು. ಮನಸ್ಸು ಹೂಂ ಎಂದೇ ಹೇಳಿತು, ಸುಳ್ಳು ಯಾಕೆ ಬರೆಯಲಿ. ಆದರೆ ಬೀಯಮ್ಮ ಹೇಳಿದ ಆ ಹೆದರಿದ ಮಕ್ಕಳು ಕಣ್ಣಿಗೆ ಬಂದರು.

ಪಟ್ಟಿಯನ್ನು ಕೊರಳಿನಿಂದ ತೆಗೆದು ಭೋಜನಿಗೆ ಹಾಕಿದೆ. ಅವನು ಬೇಡ ಬೇಡವೆಂದು ಹಿಂದಕ್ಕೆ ಸರಿದ. "ಸಾಯುವವರೆಗೆ ಕಾಯಬೇಡ, ಈಗಲೇ ತಗೊ" ಎಂದೆ. ಬಕ್ಕಲು ಇನ್ನೊಂದು ತೂತು ಒಳಗೆ ಹಾಕಬೇಕಾಯಿತು, ಅವನು ಸಪೂರ.

ಶೀನಪ್ಪಣ್ಣ ತಿರುಗಿ ನೋಡಿದರು. ಅವರ ಬಾಯಿ "ಉಂಟಾ" ಎಂದಿತು. ಭೋಜ ಬಾರಿಸಲಿಲ್ಲ, ನನ್ನ ಕಡೆ ನೋಡಿದ. ದಿಬ್ಬಣ ಕಾಯುತ್ತಿತ್ತು. ನಾನು ತಲೆಯಾಡಿಸಿದ ಮೇಲೆ ಪೆಟ್ಟು ಹಾಕಿದ. ಮದುವೆ ಮನೆ ಮುಟ್ಟುವವರೆಗೆ ಡ್ರಮ್ಮಿನ ಅಂಚಿನ ಮೇಲೆ ಅಂಗೈ ಇಟ್ಟುಕೊಂಡು ಅವನ ಪಕ್ಕದಲ್ಲೇ ನಡೆದೆ. ಎರಡು ಕಡೆ ತಾಳ ಓಡಿಸಿದ. ಅವನಿಗೆ ಹೇಳುತ್ತೇನೆ.

೨೪ ಮೇ, ಗುರುವಾರ. ಪತ್ತನಾಜೆ

ಪ್ರತಿ ವರ್ಷ ಈ ದಿನ ಡ್ರಮ್ಮಿನ ಹಗ್ಗ ಸಡಿಲಿಸಿ ಅಟ್ಟಕ್ಕೆ ಹಾಕುವುದು. ಸಡಿಲಿಸದಿದ್ದರೆ ಮಳೆಗಾಲದ ಥಂಡಿಗೆ ಹಗ್ಗ ಬಿಗಿದು ಚರ್ಮ ಸೀಳುತ್ತದೆ. ಗಂಟು ಬಿಚ್ಚುವ ಕ್ರಮ ಕಲಿಸಲು ಭೋಜನನ್ನು ಕರೆದಿದ್ದೆ. ಸಂಜೆ ನಾಲ್ಕು ಗಂಟೆ ಇರಬೇಕು. ನನ್ನ ಅಂಗೈ ಚರ್ಮದ ಮೇಲಿತ್ತು. ಚರ್ಮ ನಡುಗಿತು.

"ಈಗ ಬಾರಿಸಬೇಡ ಮಾರಾಯ" ಎಂದು ಗದರಿದೆ.

ಅವನ ಎರಡೂ ಕೈ ಹಗ್ಗದಲ್ಲಿ ಸಿಕ್ಕಿಕೊಂಡಿದ್ದವು. ಗಲ್ಲ ಎತ್ತಿ ಆಕಾಶ ತೋರಿಸಿದ. ಗುಡುಗು. ಇಡೀ ವರ್ಷದ ಮೊದಲ ಗುಡುಗು, ಮೊಯಿದಿನಬ್ಬರ ಚರ್ಮದಲ್ಲಿ ನನ್ನ ಕೈಗೆ ಬಂದಿತ್ತು. ಮತ್ತೊಮ್ಮೆ ಬಂತು. ಅವರು ಹೇಳಿದ್ದು ಸರಿ, ಎರಡು ತಿಂಗಳಲ್ಲಿ ಚೆನ್ನಾಗಿ ಕೂತಿದೆ.

ಭೋಜ ಬಗ್ಗಿ ನನ್ನ ಮುಖದ ಎದುರಿಗೆ ಬಂದು ಕೇಳಿದ. "ಉಂಟಾ ಶಂಭಣ್ಣ?"

"ಉಂಟು" ಎಂದೆ. ಮತ್ತೆ ಇಬ್ಬರೂ ಸೇರಿ ಹಗ್ಗ ಬಿಚ್ಚಿದೆವು.